ಕಾಣದ ಇರುಸು

ಜಾತ್ರೆಯ ದಿನ ತೇರನ್ನು ನೋಡಲು ನೆರೆದವರ ದೃಷ್ಟಿ ಮೊದಲು ಹರಿಯುವುದು ಕಳಸದ ಕಡೆಗೆ. ಬಣ್ಣಬಣ್ಣದ ಪತಾಕೆಗಳು, ಬಾಳೆಯ ಕಂದುಗಳು, ಹೂವಿನ ಮಾಲೆಗಳು ಕಣ್ಣನ್ನು ಸೆಳೆಯುತ್ತವೆ. ಕೈಮುಗಿದು, ಹಣ್ಣು ಜವನ ಎಸೆದು ಹಿಂದಿರುಗುವವರಲ್ಲಿ ಬಗ್ಗಿ ತೇರಿನ ಇರುಸನ್ನು ನೋಡಿದವರು ವಿರಳ. ಆದರೆ ತೇರನ್ನು ಹಾದಿಗಿಳಿಸುವ ಬಡಗಿ ಮೊದಲು ಮುಟ್ಟಿ ನೋಡುವುದು ಅದನ್ನೇ. ಯುದ್ಧದ ನಡುವೆ ದಶರಥನ ರಥದ ಕಡಾಣಿ ಕಳಚಿ ಬಿದ್ದಾಗ ಕೈಕೇಯಿ ತನ್ನ ಬೆರಳನ್ನೇ ಅಲ್ಲಿಟ್ಟು ಚಕ್ರವನ್ನು ಕಾಪಾಡಿದಳೆಂಬ ಕಥೆಯನ್ನು ಹಳ್ಳಿಯ ಹಿರಿಯರು ಹೇಳುತ್ತಾರೆ. ರಥದ ಅಳಿವು ಉಳಿವು ಎಲ್ಲಿದೆ ಎಂಬುದನ್ನು ಆ ಕಥೆ ಕಟ್ಟಿದವರು ಚೆನ್ನಾಗಿ ಬಲ್ಲವರಾಗಿದ್ದರು.

ಕಾಲ ಬದಲಾಗಿದೆ, ಎತ್ತಿನ ಗಾಡಿಯ ಹಾದಿಯಲ್ಲಿ ಮೋಟಾರು ಓಡುತ್ತಿದೆ. ಆದರೂ ಇರುಸಿನ ಪಾಡು ಬದಲಾಗಿಲ್ಲ. ಕಾರನ್ನು ಕೊಳ್ಳುವವರು ಬಣ್ಣವನ್ನು ನೋಡುತ್ತಾರೆ. ಸ್ವಲ್ಪ ತಿಳಿದವರು ಎಂಜಿನಿನ ಶಕ್ತಿಯನ್ನು ಕೇಳುತ್ತಾರೆ. ಆ ಶಕ್ತಿ ನೆಲವನ್ನು ಮುಟ್ಟುವ ಹಾದಿ ಯಾವುದು, ಆ ಹಾದಿ ಎಷ್ಟು ಗಟ್ಟಿ ಎಂದು ಕೇಳುವವರು ಕಡಿಮೆ.

ಎತ್ತಿನ ಗಾಡಿಯ ಇರುಸಿಗೆ ಇರುವುದು ಒಂದೇ ಕೆಲಸ: ಭಾರವನ್ನು ಹೊರುವುದು. ಚಕ್ರಗಳು ಅದರ ತುದಿಗಳಲ್ಲಿ ತಮ್ಮ ಪಾಡಿಗೆ ತಾವು ತಿರುಗುತ್ತವೆ. ಎಳೆಯುವ ಕೆಲಸ ಎತ್ತುಗಳದು. ಮೋಟಾರು ವಾಹನದ ಹಿಂದಿನ ಇರುಸಾದರೋ ಭಾರವನ್ನು ಹೊರುವುದರ ಜೊತೆಗೆ ಚಕ್ರಗಳನ್ನು ತಿರುಗಿಸಲೂ ಬೇಕು. ಲಾರಿಯೊಂದರ ಹಿಂದೆ ನಿಂತು ಬಗ್ಗಿ ನೋಡಿದರೆ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಕಬ್ಬಿಣದ ಗೂಡೊಂದು ಕಾಣುತ್ತದೆ. ಎಂಜಿನಿನಿಂದ ಹೊರಟ ಉದ್ದನೆಯ ದಂಡ ಬಂದು ಸೇರುವುದು ಆ ಗೂಡನ್ನು. ಅದರೊಳಗೆ ಪಿನಿಯನ್ ಎಂಬ ಸಣ್ಣ ಹಲ್ಲಿನ ಚಕ್ರವು ಕ್ರೌನ್ ಎಂಬ ದೊಡ್ಡ ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ. ಕ್ರೌನ್ ಚಕ್ರದಿಂದ ಎಡಕ್ಕೊಂದು, ಬಲಕ್ಕೊಂದು ಉಕ್ಕಿನ ದಂಡಗಳು ಹೊರಟು ಎರಡು ಚಕ್ರಗಳನ್ನು ಸೇರುತ್ತವೆ.

ಇಷ್ಟೇ ಆಗಿದ್ದರೆ ವಾಹನವು ನೇರ ಹಾದಿಯಲ್ಲಿ ಮಾತ್ರ ಸುಖವಾಗಿ ಓಡಬಹುದಿತ್ತು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ದಂಡಕ್ಕೆ ಬಿಗಿದರೆ ಒಂದು ಚಕ್ರ ನೆಲವನ್ನು ಉಜ್ಜಿಕೊಂಡು ಸಾಗಬೇಕಾಗುತ್ತದೆ. ಈ ತೊಡಕನ್ನು ಬಿಡಿಸುವ ಸಾಧನವೇ ಡಿಫರೆನ್ಷಿಯಲ್. ಫ್ರಾನ್ಸ್ ದೇಶದ ಒನೆಸಿಫೋರ್ ಪೆಕರ್ ಎಂಬಾತ 1820ರ ದಶಕದ ಕೊನೆಯಲ್ಲಿ, ಉಗಿಯ ಬಂಡಿಗಾಗಿ ಇದನ್ನು ಅಳವಡಿಸಿದನು. ಎರಡು ಚಕ್ರಗಳಿಗೂ ಬಲವನ್ನು ಸಮನಾಗಿ ಹಂಚುತ್ತಲೇ, ಬೇರೆ ಬೇರೆ ವೇಗದಲ್ಲಿ ತಿರುಗಲು ಅವುಗಳಿಗೆ ಅವಕಾಶ ಕೊಡುವುದು ಇದರ ಗುಣ. ಮುಂದೆ 1920ರ ದಶಕದಲ್ಲಿ ಅಮೆರಿಕದ ಪ್ಯಾಕರ್ಡ್ ಕಾರುಗಳಲ್ಲಿ ಹೈಪಾಯ್ಡ್ ಎಂಬ ಹಲ್ಲಿನ ಕ್ರಮ ಬಳಕೆಗೆ ಬಂದಿತು. ಪಿನಿಯನ್ನನ್ನು ಕ್ರೌನ್ ಚಕ್ರದ ನಡುಗೆರೆಗಿಂತ ಕೆಳಗೆ ಕೂಡಿಸುವ ಈ ಕ್ರಮದಿಂದ ಕಾರಿನ ನೆಲಗಟ್ಟು ತಗ್ಗಿತು. ಪಿನಿಯನ್ ದಪ್ಪವಾಗಿ ಗಟ್ಟಿಯಾಯಿತು. ಆದರೆ ಹಲ್ಲುಗಳು ಒಂದರ ಮೇಲೊಂದು ಜಾರುತ್ತ ಉಜ್ಜುವುದರಿಂದ ಸಾಮಾನ್ಯ ಎಣ್ಣೆ ಸಾಲದಾಯಿತು. ಗಾಡಿಗೆ ಕೀಲೆಣ್ಣೆ ಹೇಗೋ ಹಾಗೆ ಈ ಹಲ್ಲುಗಳಿಗೂ ತಮ್ಮದೇ ಆದ ಎಣ್ಣೆ ಬೇಕು.

ಸಾಮಾನ್ಯ ಕಾರಿನಲ್ಲಿ ಈ ಇರುಸು ಲಕ್ಷಾಂತರ ಕಿಲೋಮೀಟರು ಓಡಿದರೂ ಸದ್ದಿಲ್ಲದೆ ಇರಬಲ್ಲದು. ಅದರ ನಿಜವಾದ ಪರೀಕ್ಷೆ ನಡೆಯುವುದು ವೇಗದ ಪಂದ್ಯಗಳಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಕ್ಯಾಲಿಫೋರ್ನಿಯಾದ ತರುಣರು ಹಳೆಯ ಕಾರುಗಳ ಎಂಜಿನುಗಳನ್ನು ಬಲಪಡಿಸಿ, ಒಣಗಿದ ಕೆರೆಗಳ ಬಯಲಿನಲ್ಲಿಯೂ ಬಳಕೆ ತಪ್ಪಿದ ವಿಮಾನದ ಹಾದಿಗಳಲ್ಲಿಯೂ ಓಡಿಸತೊಡಗಿದರು. ಬೀದಿಗಳಲ್ಲಿಯೂ ಓಡಿಸಿ ಅಪಾಯ ತಂದುಕೊಂಡರು. ಈ ಉತ್ಸಾಹಕ್ಕೆ ಒಂದು ಕಟ್ಟುಪಾಡನ್ನು ತರಲು ವಾಲಿ ಪಾರ್ಕ್ಸ್ ಎಂಬಾತ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿದನು. ನೇರವಾದ ಹಾದಿಯಲ್ಲಿ ಎರಡು ಕಾರುಗಳು ಅಕ್ಕಪಕ್ಕದಲ್ಲಿ ನಿಂತು, ದೀಪದ ಸಂಜ್ಞೆ ಕಂಡೊಡನೆ ಹೊರಟು, ಕಾಲು ಮೈಲಿ, ಅಂದರೆ ಸುಮಾರು 402 ಮೀಟರು ದೂರವನ್ನು ಮೊದಲು ಮುಟ್ಟುವ ಪಂದ್ಯವಿದು. ಇದಕ್ಕೆ ಡ್ರ್ಯಾಗ್ ಪಂದ್ಯ ಎನ್ನುತ್ತಾರೆ.

ಇಲ್ಲಿ ಸೋಲುಗೆಲುವು ಬಹುಮಟ್ಟಿಗೆ ಹೊರಡುವ ಮೊದಲ ಕ್ಷಣದಲ್ಲಿಯೇ ತೀರ್ಮಾನವಾಗುತ್ತದೆ. ಇರುಸಿನ ಮೇಲೆ ಅತಿ ಹೆಚ್ಚಿನ ಹೊರೆ ಬೀಳುವುದೂ ಆ ಕ್ಷಣದಲ್ಲಿಯೇ. ಎಂಜಿನು 400 ಪೌಂಡ್-ಅಡಿಯಷ್ಟು ತಿರುಚುಬಲವನ್ನು ಕೊಡುತ್ತದೆ ಎಂದಿಟ್ಟುಕೊಂಡರೆ, ಮೊದಲ ಗೇರು ಅದನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸುತ್ತದೆ. ಹಿಂದಿನ ಕ್ರೌನ್ ಮತ್ತು ಪಿನಿಯನ್ನು ಅದನ್ನು ಮತ್ತೆ ನಾಲ್ಕು ಪಟ್ಟು ಹೆಚ್ಚಿಸುತ್ತವೆ. ಹೀಗೆ 400 ಇದ್ದದ್ದು 4000 ಆಗುತ್ತದೆ. ಎರಡು ಚಕ್ರಗಳಿಗೆ ಹಂಚಿದರೆ ಒಂದೊಂದು ದಂಡದ ಪಾಲಿಗೆ 2000. ಒಂದಡಿ ಉದ್ದದ ಹಿಡಿಯ ತುದಿಗೆ ಸುಮಾರು 900 ಕಿಲೋಗ್ರಾಂ ಭಾರವನ್ನು ತೂಗುಹಾಕಿ ದಂಡವನ್ನು ತಿರುಚಿದಂತೆ ಅದು. ಅದೂ ಮೆಲ್ಲನೆ ಅಲ್ಲ. ಸುತ್ತಿಗೆಯ ಪೆಟ್ಟಿನಂತೆ ಒಮ್ಮೆಗೇ.

ಇಂಥ ಪೆಟ್ಟನ್ನು ತಡೆದುಕೊಳ್ಳುವುದರಲ್ಲಿ ಹೆಸರಾದ ಇರುಸುಗಳಲ್ಲಿ ಫೋರ್ಡ್ ಕಂಪನಿಯ ಒಂಬತ್ತು ಇಂಚಿನದು ಪ್ರಮುಖವಾದುದು. ಕ್ರೌನ್ ಚಕ್ರದ ಅಡ್ಡಗಲ ಒಂಬತ್ತು ಇಂಚು ಇರುವುದರಿಂದ ಅದಕ್ಕೆ ಆ ಹೆಸರು. 1957ರ ಮಾದರಿಯ ಕಾರುಗಳಲ್ಲಿ ಮೊದಲು ಬಂದ ಇದನ್ನು ಆ ಕಂಪನಿ 1986ರವರೆಗೂ ತನ್ನ ವಾಹನಗಳಿಗೆ ಬಳಸಿತು. ಆಮೇಲೂ ಪಂದ್ಯದವರು ಅದನ್ನು ಕೈಬಿಡಲಿಲ್ಲ. ಬಿಡಿಭಾಗಗಳನ್ನು ತಯಾರಿಸುವ ಬೇರೆ ಕಾರ್ಖಾನೆಗಳು ಇಂದಿಗೂ ಅದರ ಒಂದೊಂದು ಅಂಗವನ್ನೂ ಹೊಸದಾಗಿ ಮಾಡುತ್ತಿವೆ. ಇದಕ್ಕೆ ಕಾರಣಗಳಿವೆ. ಪಿನಿಯನ್ನಿನ ಹಲ್ಲಿನ ಮುಂದೆ ಎರಡು ಬೇರಿಂಗುಗಳಿರುವುದಲ್ಲದೆ ಹಿಂದೆಯೂ ಒಂದು ಬೇರಿಂಗು ಇದೆ; ಆದ್ದರಿಂದ ಹೊರೆ ಬಿದ್ದಾಗ ಪಿನಿಯನ್ ಬಾಗಿ ಸರಿಯುವುದಿಲ್ಲ. ಹಲ್ಲಿನ ಚಕ್ರಗಳೆಲ್ಲ ಕೂಡಿದ ಗುಂಡಿಗೆಯನ್ನು ಗೂಡಿನಿಂದ ಮುಂದಕ್ಕೆ ಬಿಚ್ಚಿ ತೆಗೆದು, ಮೇಜಿನ ಮೇಲಿಟ್ಟು ಸರಿಪಡಿಸಬಹುದು.

ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಮೋಟಾರು ಕಾರ್ಖಾನೆಗಳಿಗೆ ಹೆಸರಾದ ನಗರ. ಚಳಿಗಾಲದಲ್ಲಿ ಅಲ್ಲಿನ ಹಾದಿಗಳು ಹಿಮದಿಂದ ಮುಚ್ಚಿಹೋಗುತ್ತವೆ, ಪಂದ್ಯಗಳು ನಿಲ್ಲುತ್ತವೆ. ಆಗ ಸುತ್ತಲ ಊರುಗಳಲ್ಲಿ ಮನೆಮನೆಯ ಕಾರುಗೂಡುಗಳು ಕಮ್ಮಾರಸಾಲೆಗಳಾಗುತ್ತವೆ. ಅಂಥದೊಂದು ಕಾರುಗೂಡಿನಲ್ಲಿ ಒಬ್ಬ ಮುದುಕನೂ ಅವನ ಮೊಮ್ಮಗನೂ ಒಂದು ಚಳಿಗಾಲವನ್ನು ಕಳೆದರು. ಮುದುಕ ಮೋಟಾರು ಕಾರ್ಖಾನೆಯಲ್ಲಿ ಹಲ್ಲಿನ ಚಕ್ರಗಳನ್ನು ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತನಾದವನು. ಮೊಮ್ಮಗನಿಗೆ ಇಪ್ಪತ್ತರ ಹರೆಯ. ಅವರ ನಡುವೆ ಇದ್ದದ್ದು 1969ನೆಯ ಇಸವಿಯ ಒಂದು ಮಸ್ಟಾಂಗ್ ಕಾರು. ಅದರ ಹಿಂದೆ ಒಂಬತ್ತು ಇಂಚಿನ ಇರುಸು.

ಆ ವರ್ಷದ ಕೊನೆಯ ಪಂದ್ಯದಲ್ಲಿ ಕಾರು ಸೋತಿತ್ತು. ಸೋತಿತ್ತು ಎನ್ನುವುದಕ್ಕಿಂತ, ಹೊರಡಲೇ ಇಲ್ಲ ಎನ್ನುವುದು ಸರಿ. ಹಸಿರು ದೀಪ ಹೊತ್ತಿತು. ತರುಣ ಕ್ಲಚ್ಚನ್ನು ಬಿಟ್ಟನು. ಕಾರಿನ ಹಿಂಬದಿಯಲ್ಲಿ ಸಿಡಿಲಿನಂಥ ಒಂದು ಸದ್ದಾಯಿತು. ಎಂಜಿನು ಗರ್ಜಿಸುತ್ತಿತ್ತು, ಆದರೆ ಕಾರು ನಿಂತಲ್ಲಿಯೇ ನಿಂತಿತ್ತು. ಎದುರಾಳಿಯ ಹಿಂದಿನ ದೀಪಗಳು ದೂರವಾದವು. ನಾಲ್ಕು ಜನ ಸೇರಿ ಕಾರನ್ನು ತಳ್ಳಿಕೊಂಡು ಹೋಗುವಾಗ ತರುಣನಿಗೆ ತಲೆಯೆತ್ತಲಾಗಲಿಲ್ಲ.

ಕಾರುಗೂಡಿನಲ್ಲಿ ಚಕ್ರವನ್ನು ಕಳಚಿ ನೋಡಿದಾಗ ಬಲಗಡೆಯ ದಂಡ ತುಂಡಾಗಿತ್ತು. ಮುರಿದದ್ದು ಒಳತುದಿಯಲ್ಲಿ, ಡಿಫರೆನ್ಷಿಯಲ್ಲಿಗೆ ಕಚ್ಚಿಕೊಳ್ಳುವ ಉದ್ದಗೆರೆಯ ಹಲ್ಲುಗಳು ಆರಂಭವಾಗುವ ಕಡೆ. ಮುದುಕ ಆ ತುಂಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದನು. ಮುರಿದ ಮುಖದ ಒಂದು ಭಾಗ ಹೊಸ ಸಕ್ಕರೆಯ ಹರಳಿನಂತೆ ಹೊಳೆಯುತ್ತಿತ್ತು. ಇನ್ನೊಂದು ಭಾಗ ಕಪ್ಪಾಗಿ, ನುಣುಪಾಗಿ, ಮರದ ಕೊರಡಿನ ಸುತ್ತುಗೆರೆಗಳಂಥ ಗೆರೆಗಳಿಂದ ಕೂಡಿತ್ತು.

“ಇದು ಅಂದು ಮುರಿದದ್ದಲ್ಲ, ಮಗು. ಅಂದು ಮುರಿದು ಮುಗಿಯಿತು, ಅಷ್ಟೇ” ಎಂದನು ಮುದುಕ.

ಲೋಹಕ್ಕೂ ದಣಿವುಂಟು. ಒಂದೇ ಬಾರಿ ಬೀಳುವ ಹೊರೆಯನ್ನು ತಡೆಯಬಲ್ಲ ಉಕ್ಕು, ಅದೇ ಹೊರೆ ಸಾವಿರಾರು ಬಾರಿ ಬಿದ್ದಾಗ ಒಳಗೊಳಗೇ ಸೀಳುತ್ತದೆ. ಕೂದಲಿಗಿಂತ ಸಣ್ಣ ಬಿರುಕೊಂದು ಮೂಲೆಯಲ್ಲೆಲ್ಲೋ ಹುಟ್ಟಿ, ಪ್ರತಿಯೊಂದು ಪೆಟ್ಟಿಗೂ ಅಷ್ಟಷ್ಟು ಮುಂದೆ ಸರಿಯುತ್ತದೆ. ಆ ಕಪ್ಪು ಗೆರೆಗಳು ಬಿರುಕು ನಡೆದುಬಂದ ಹಾದಿಯ ಹೆಜ್ಜೆಗುರುತುಗಳು. ಉಳಿದ ಭಾಗ ಸಾಲದಾದ ದಿನ ದಂಡ ಮುರಿಯುತ್ತದೆ. ಕಂಡವರು ಒಮ್ಮೆಗೇ ಮುರಿಯಿತೆನ್ನುತ್ತಾರೆ.

ತರುಣನಿಗೆ ಇನ್ನೊಂದು ಸಂಗತಿ ಬಗೆಹರಿಯಲಿಲ್ಲ. ಹಿಂದಿನ ಎರಡು ವರ್ಷ ಇದೇ ಎಂಜಿನು, ಇದೇ ದಂಡ. ಆಗ ಏಕೆ ಮುರಿಯಲಿಲ್ಲ? ಮುದುಕ ಕಾರಿನ ಹಿಂದಿನ ಟೈರುಗಳತ್ತ ಬೆರಳು ತೋರಿದನು. ಹಳೆಯ ಟೈರುಗಳು ಹೊರಡುವಾಗ ಜಾರುತ್ತಿದ್ದವು. ಜಾರಿದಷ್ಟು ಬಲ ಹೊಗೆಯಾಗಿ ಹೋಗುತ್ತಿತ್ತು. ಆ ವರ್ಷ ತರುಣ ನೆಲವನ್ನು ಅಂಟಿ ಹಿಡಿಯುವ ಅಗಲವಾದ ಟೈರುಗಳನ್ನು ಹಾಕಿದ್ದನು. ಟೈರು ಜಾರದಾದಾಗ ಪೂರ್ತಿ ಬಲ ದಂಡದ ಮೇಲೆ ಬಿತ್ತು. ಅದುವರೆಗೆ ಟೈರಿನ ದೌರ್ಬಲ್ಯವೇ ದಂಡವನ್ನು ಕಾಪಾಡಿತ್ತು. ಒಂದನ್ನು ಬಲಪಡಿಸಿದರೆ ಪೆಟ್ಟು ಅದರ ಮುಂದಿನದಕ್ಕೆ ಹೋಗುತ್ತದೆ. ಸರಪಳಿಯ ಒಂದು ಕೊಂಡಿಯನ್ನು ಮಾತ್ರ ನೋಡುವವನು ಇದನ್ನು ಮರೆಯುತ್ತಾನೆ.

ಎಂಜಿನಿಗೆ ಹೊಸ ಸಿಲಿಂಡರ್ ತಲೆಗಳನ್ನು ಕೊಳ್ಳಲೆಂದು ತರುಣ ವರ್ಷವಿಡೀ ದುಡಿದು ಹಣ ಕೂಡಿಸಿದ್ದನು. ದಂಡವೊಂದನ್ನು ಹಳೆಯ ಸಾಮಾನಿನ ಅಂಗಡಿಯಿಂದ ತಂದು ಹಾಕಿ, ಉಳಿದ ಹಣವನ್ನು ಎಂಜಿನಿಗೆ ಹಾಕಬೇಕೆಂಬುದು ಅವನ ಆಸೆ. ಮುದುಕ ಒಪ್ಪಲಿಲ್ಲ. “ಕೊಡುವ ಕೈಗೆ ಮೊದಲು ಬಲ ಬೇಡ, ಹೊರುವ ಹೆಗಲಿಗೆ ಬರಲಿ” ಎಂದನು. ತರುಣ ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ತಾನಾಗಿಯೇ ಬಂದು ಕಾರನ್ನು ಜಾಕಿನಿಂದ ಎತ್ತಿದನು.

ಕೆಲಸ ಮೊದಲಾಯಿತು. ಗೂಡಿನ ಎಣ್ಣೆಯನ್ನು ಬಸಿದಾಗ ಅದರಲ್ಲಿ ಲೋಹದ ಪುಡಿ ಮಿನುಗುತ್ತಿತ್ತು. ಎರಡು ದಂಡಗಳನ್ನೂ ಹೊರಗೆಳೆದು, ಹತ್ತು ನಟ್ಟುಗಳನ್ನು ಬಿಚ್ಚಿ, ಭಾರವಾದ ಗುಂಡಿಗೆಯನ್ನು ಇಬ್ಬರೂ ಸೇರಿ ಇಳಿಸಿದರು. ಬರಿದಾದ ಗೂಡನ್ನು ಕಾರಿನಿಂದ ಬೇರ್ಪಡಿಸಿ ಮೇಜಿನ ಮೇಲಿಟ್ಟರು. ಅದರ ಎರಡು ತುದಿಗಳಲ್ಲಿ ಬೇರಿಂಗು ಕೂರುವ ಜಾಗಕ್ಕೆ ಸರಿಯಾಗಿ ಕಡೆದ ಲೋಹದ ಬಿಲ್ಲೆಗಳನ್ನಿಟ್ಟು, ಅವುಗಳ ನಡುವಣ ರಂಧ್ರದಲ್ಲಿ ನೆಟ್ಟಗಿರುವ ಉಕ್ಕಿನ ಸಲಾಕೆಯೊಂದನ್ನು ತೂರಿಸಲು ಮುದುಕ ಪ್ರಯತ್ನಿಸಿದನು. ಸಲಾಕೆ ಇನ್ನೊಂದು ತುದಿಯ ರಂಧ್ರವನ್ನು ಸೇರಲಿಲ್ಲ. ಕಣ್ಣಿಗೆ ನೆಟ್ಟಗೆ ಕಾಣುತ್ತಿದ್ದ ಗೂಡು ಬಾಗಿತ್ತು. ಬಾಗಿದ ಗೂಡಿನಲ್ಲಿ ಎಷ್ಟು ಒಳ್ಳೆಯ ದಂಡವನ್ನು ಹಾಕಿದರೂ ಅದು ಪ್ರತಿ ಸುತ್ತಿನಲ್ಲಿಯೂ ಬಳುಕಬೇಕಾಗುತ್ತದೆ; ಬಳುಕಿ ಬಳುಕಿ ದಣಿಯುತ್ತದೆ.

ಗೂಡನ್ನು ನೇರಮಾಡುವ ಕೆಲಸದಲ್ಲಿ ಒಂದು ಸೋಜಿಗವಿದೆ. ಕಬ್ಬಿಣವನ್ನು ಒಂದು ಬದಿಯಲ್ಲಿ ಕಾಸಿ ಬಿಟ್ಟರೆ ಅದು ಆರುವಾಗ ಕುಗ್ಗಿ, ಆ ಬದಿಗೆ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ಮುದುಕ ಈ ಗುಣವನ್ನೇ ಬಳಸಿ, ಬಾಗಿನ ಹೊರಬದಿಯಲ್ಲಿ ಅಂಗೈಯಗಲ ಕಾಸಿ, ಆರಿಸಿ, ಸಲಾಕೆ ಹಾಕಿ ನೋಡಿ, ಮತ್ತೆ ಕಾಸಿದನು. ಹೀಗೆ ಮಧ್ಯಾಹ್ನದಿಂದ ಸಂಜೆಯವರೆಗೆ ನಡೆಯಿತು. ಆಮೇಲೆ ಗೂಡಿನ ಬೆನ್ನಿಗೆ ದಪ್ಪ ತಗಡಿನ ಆಸರೆಯೊಂದನ್ನು ಬೆಸುಗೆ ಹಾಕಬೇಕಾಗಿತ್ತು. ಒಂದೇ ಸಮನೆ ಬೆಸೆದರೆ ಅದೇ ಕಾವು ಗೂಡನ್ನು ಮತ್ತೆ ಬಾಗಿಸುತ್ತದೆ. ಆದ್ದರಿಂದ ಇಲ್ಲಿ ಒಂದಂಗುಲ, ಅಲ್ಲಿ ಒಂದಂಗುಲ ಬೆಸೆದು, ನಡುವೆ ಆರಲು ಬಿಟ್ಟರು. ಬಲ ಕೊಡಲು ಹೊರಟ ಕೈಯೇ ಅವಸರಪಟ್ಟರೆ ಕೆಡುಕನ್ನೂ ಮಾಡಬಲ್ಲದು. ಮೂರನೆಯ ದಿನ ಸಲಾಕೆ ಎರಡೂ ತುದಿಗಳಲ್ಲಿ ಬೆರಳಿನ ಒತ್ತಡಕ್ಕೇ ಜಾರಿ ಹೋಯಿತು.

ಹೊಸ ದಂಡಗಳನ್ನು ಆರಿಸುವಾಗ ಮತ್ತೆ ಚರ್ಚೆ ನಡೆಯಿತು. ಹಳೆಯ ದಂಡದ ತುದಿಯಲ್ಲಿ 28 ಹಲ್ಲುಗಳು. ದಪ್ಪ ಸುಮಾರು 30 ಮಿಲಿಮೀಟರು. ದೊಡ್ಡ ಪಂದ್ಯಗಳವರು ಬಳಸುವ, 40 ಹಲ್ಲುಗಳ ದಂಡಗಳೇ ಬೇಕೆಂದು ತರುಣ ಹಟ ಹಿಡಿದನು. ಮುದುಕ ಸೀಮೆಸುಣ್ಣದಿಂದ ನೆಲದ ಮೇಲೆ ಲೆಕ್ಕ ಬರೆದನು. ದುಂಡನೆಯ ದಂಡದ ತಿರುಚನ್ನು ತಡೆಯುವ ಶಕ್ತಿ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 30 ಇದ್ದದ್ದು 33 ಆದರೆ ದಪ್ಪ ಹೆಚ್ಚಿದ್ದು ಹತ್ತರಲ್ಲಿ ಒಂದು ಪಾಲು. ಶಕ್ತಿ ಹೆಚ್ಚಿದ್ದು ಮೂರರಲ್ಲಿ ಒಂದು ಪಾಲು. ಅದರೊಂದಿಗೆ ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಮೇಲಾದ ಉಕ್ಕಾದರೆ ಈ ಎಂಜಿನಿಗೆ ಅಷ್ಟು ಸಾಕು. ಅದಕ್ಕಿಂತ ದೊಡ್ಡದು ಭಾರ. ಆ ಭಾರವನ್ನೂ ಎಂಜಿನೇ ತಿರುಗಿಸಬೇಕು. ಕೊನೆಗೆ 31 ಹಲ್ಲುಗಳ ದಂಡಗಳು ಬಂದವು.

ಹಲ್ಲಿನ ಚಕ್ರಗಳ ವಿಷಯದಲ್ಲಿಯೂ ಹೀಗೆಯೇ. ಪಂದ್ಯಕ್ಕೆಂದೇ ಮಾಡಿದ ಕ್ರೌನ್ ಮತ್ತು ಪಿನಿಯನ್ನು ಎಲ್ಲಕ್ಕಿಂತ ಗಡಸಾಗಿರಬೇಕೆಂದು ತರುಣ ತಿಳಿದಿದ್ದನು. ನಿಜವಾದ ಸಂಗತಿ ಬೇರೆ. ಬೀದಿಯ ಕಾರಿನ ಹಲ್ಲುಗಳ ಮೇಲ್ಮೈ ಬಹಳ ಗಡಸು. ಅವು ಸವೆಯುವುದಿಲ್ಲ, ಆದರೆ ಭಾರಿ ಪೆಟ್ಟು ಬಿದ್ದರೆ ಗಾಜಿನಂತೆ ಚಕ್ಕೆಯೇಳಬಹುದು. ಪಂದ್ಯದ ಹಲ್ಲುಗಳ ಉಕ್ಕು ಅದಕ್ಕಿಂತ ಮೆದು. ಪೆಟ್ಟನ್ನು ನುಂಗಿಕೊಳ್ಳುತ್ತದೆ, ಆದರೆ ಬೇಗ ಸವೆಯುತ್ತದೆ. ಗಡಸುತನ ಬೇರೆ, ಗಟ್ಟಿತನ ಬೇರೆ. ಮುರಿಯದಿರುವ ವಸ್ತುವಿನಲ್ಲಿ ಒಂದಿಷ್ಟು ಬಾಗುವ ಗುಣ ಇರಲೇಬೇಕು. ಈ ಕಾರು ವಾರವೆಲ್ಲ ಬೀದಿಯಲ್ಲಿ ಓಡಿ, ಭಾನುವಾರ ಮಾತ್ರ ಪಂದ್ಯಕ್ಕೆ ಹೋಗುವಂಥದು. ಆದ್ದರಿಂದ ಬೀದಿಯ ಹಲ್ಲುಗಳನ್ನೇ ಆರಿಸಿದರು: ಕ್ರೌನಿಗೆ 37, ಪಿನಿಯನ್ನಿಗೆ 9. ಈ ಎರಡು ಸಂಖ್ಯೆಗಳಿಗೂ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲ. ಹೀಗಾಗಿ ಪಿನಿಯನ್ನಿನ ಪ್ರತಿಯೊಂದು ಹಲ್ಲೂ ಕ್ರೌನಿನ ಎಲ್ಲ ಹಲ್ಲುಗಳನ್ನೂ ಸರದಿಯ ಮೇಲೆ ಕೂಡುತ್ತದೆ. ಸವೆತ ಒಂದೇ ಕಡೆ ಬೀಳದೆ ಸಮನಾಗಿ ಹಂಚಿಹೋಗುತ್ತದೆ. ಗಣಿತದ ಪುಸ್ತಕದಲ್ಲಿ ಓದಿ ಮರೆತ ಮಾತು ಎಣ್ಣೆಯ ಕತ್ತಲೆಯಲ್ಲಿ ಹೀಗೆ ಕೆಲಸ ಮಾಡುತ್ತಿರುತ್ತದೆ.

ಡಿಫರೆನ್ಷಿಯಲ್ಲಿನ ಬಗ್ಗೆ ಮಾತ್ರ ಇಬ್ಬರಲ್ಲಿಯೂ ಭಿನ್ನಾಭಿಪ್ರಾಯವಿರಲಿಲ್ಲ. ಎರಡು ದಂಡಗಳನ್ನೂ ಒಂದಾಗಿ ಬಿಗಿಯುವ ಸಾಧನ ನೇರ ಹಾದಿಯ ಪಂದ್ಯಕ್ಕೆ ಒಳ್ಳೆಯದಾದರೂ ಬೀದಿಯ ತಿರುವಿಗೆ ಆಗದು. ಹಳೆಯದು ಬಿಡುಬೀಸಾದದ್ದು, ಒಂದು ಚಕ್ರ ಜಾರಿದರೆ ಇನ್ನೊಂದರ ಬಲವೂ ವ್ಯರ್ಥ. ಆದುದರಿಂದ, ಒಳಗೆ ಉಜ್ಜುವ ಬಿಲ್ಲೆಗಳಿದ್ದು, ಜಾರುವ ಚಕ್ರವನ್ನು ತಡೆದು ಹಿಡಿಯುತ್ತಲೇ ತಿರುವಿಗೂ ಎಡೆಕೊಡುವ ಬಗೆಯದನ್ನು ತಂದರು.

ಉಳಿದದ್ದು ಜೋಡಣೆ. ಎಲ್ಲಕ್ಕಿಂತ ಕಷ್ಟವಾದದ್ದು ಅದೇ. ಪಿನಿಯನ್ ಕ್ರೌನಿಗೆ ಎಷ್ಟು ಹತ್ತಿರವಿರಬೇಕೆಂಬುದನ್ನು ಶಿಮ್ ಎಂಬ ತೆಳು ತಗಡಿನ ಉಂಗುರ ತೀರ್ಮಾನಿಸುತ್ತದೆ. ಎರಡು ಹಲ್ಲುಗಳ ನಡುವೆ ಎಷ್ಟು ಸಡಿಲಿರಬೇಕೆಂಬುದನ್ನು ಪಕ್ಕದ ತಿರುಪುಬಳೆಗಳು ತೀರ್ಮಾನಿಸುತ್ತವೆ. ಸಡಿಲು ಇಂಚಿನ ಸಾವಿರ ಭಾಗಗಳಲ್ಲಿ 8ರಿಂದ 12ರೊಳಗೆ, ಅಂದರೆ 0.2ರಿಂದ 0.3 ಮಿಲಿಮೀಟರಿನೊಳಗೆ ಇರಬೇಕು. ಕಡಿಮೆಯಾದರೆ ಕಾವಿಗೆ ಹಿಗ್ಗಿದ ಹಲ್ಲುಗಳು ಬಿಗಿದುಕೊಳ್ಳುತ್ತವೆ. ಹೆಚ್ಚಾದರೆ ಒಂದನ್ನೊಂದು ಗುದ್ದುತ್ತವೆ. ಹಲ್ಲುಗಳಿಗೆ ಹಳದಿ ಬಣ್ಣದ ಲೇಪವನ್ನು ಬಳಿದು, ಕೈಯಿಂದ ತಿರುಗಿಸಿ, ಹಲ್ಲಿಗೆ ಹಲ್ಲು ತಾಗಿದ ಗುರುತು ಎಲ್ಲಿ ಬೀಳುತ್ತದೆಂದು ನೋಡುತ್ತಾರೆ. ಗುರುತು ಹಲ್ಲಿನ ನಡುವೆ ಬಿದ್ದರೆ ಸರಿ. ಬುಡಕ್ಕೋ ತುದಿಗೋ ಸರಿದರೆ ಬಿಚ್ಚಿ ಮತ್ತೆ ಜೋಡಿಸಬೇಕು.

ಆ ರಾತ್ರಿ ಹನ್ನೊಂದು ಗಂಟೆಯಾಗಿತ್ತು. ಹೊರಗೆ ಹಿಮ ಸುರಿಯುತ್ತಿತ್ತು. ನಾಲ್ಕನೆಯ ಬಾರಿ ಜೋಡಿಸಿದಾಗ ಗೇಜಿನ ಮುಳ್ಳು 10 ತೋರಿಸಿತು. ತರುಣ ಸಂತೋಷದಿಂದ ಕೈ ಒರೆಸಿಕೊಂಡನು. ಮುದುಕ ಹಳದಿಯ ಗುರುತನ್ನು ನೋಡಿದನು. ಅದು ಹಲ್ಲಿನ ನಡುವಿನಿಂದ ಸ್ವಲ್ಪ ಬುಡದ ಕಡೆಗೆ ಸರಿದಿತ್ತು. ಪಿನಿಯನ್ ಬೇಕಾದುದಕ್ಕಿಂತ ಒಳಗಿತ್ತು. ಹೆಚ್ಚಲ್ಲ, ಇಂಚಿನ ಸಾವಿರದ ಮೂರು ಭಾಗ, ತಲೆಯ ಒಂದು ಕೂದಲಿನಷ್ಟು.

“ಇಷ್ಟು ಸಾಕಲ್ಲವೇ, ತಾತ? ಒಳಗೆ ಹೋದ ಮೇಲೆ ಇದನ್ನು ನೋಡುವವರು ಯಾರು?”

ಮುದುಕ ತಕ್ಷಣ ಉತ್ತರ ಕೊಡಲಿಲ್ಲ. ಕುರ್ಚಿಯನ್ನು ಎಳೆದುಕೊಂಡು ಕುಳಿತನು. ಮೊಮ್ಮಗನಿಗೆ ಎಂದೂ ಹೇಳದಿದ್ದ ಒಂದು ಮಾತನ್ನು ಅಂದು ಹೇಳಿದನು.

ಅವನಿಗೆ ಇಪ್ಪತ್ತಮೂರು ವರ್ಷವಾಗಿದ್ದಾಗ ಅವನೂ ಅವನ ಗೆಳೆಯನೂ ಸೇರಿ ಒಂದು ಕಾರನ್ನು ಪಂದ್ಯಕ್ಕೆ ಸಿದ್ಧಪಡಿಸಿದ್ದರು. ಅದರ ಇರುಸು ಬೇರೆ ಬಗೆಯದು. ಒಂಬತ್ತು ಇಂಚಿನ ಇರುಸಿನಲ್ಲಿ ದಂಡವನ್ನು ಹೊರತುದಿಯಲ್ಲಿ ಒಂದು ತಗಡು ಗೂಡಿಗೆ ಬಿಗಿದಿರುತ್ತದೆ. ಒಳತುದಿ ಮುರಿದರೂ ಚಕ್ರ ಕಳಚುವುದಿಲ್ಲ. ಅವರ ಕಾರಿನಲ್ಲಿ ದಂಡವನ್ನು ಹಿಡಿದಿದ್ದದ್ದು ಒಳತುದಿಯ ಸಣ್ಣದೊಂದು ಕೊಂಡಿ ಮಾತ್ರ. ಪಂದ್ಯದ ಹಿಂದಿನ ರಾತ್ರಿ ದಂಡದ ಮೇಲೆ ಗೆರೆಯಂಥದೇನೋ ಅವನ ಕಣ್ಣಿಗೆ ಬಿತ್ತು. ಬಿಚ್ಚಿ ಪರೀಕ್ಷಿಸಿದರೆ ಬೆಳಗಾಗುತ್ತಿತ್ತು. “ಸಾಕು, ಚೆನ್ನಾಗಿದೆ” ಎಂದು ಹೇಳಿದವನು ಅವನೇ. ಮರುದಿನ ದಂಡ ಮುರಿಯಿತು. ಚಕ್ರ ದಂಡದೊಡನೆ ಹೊರಬಂದಿತು. ಕಾರು ಪಕ್ಕದ ಗೋಡೆಗೆ ಬಡಿಯಿತು. ಓಡಿಸುತ್ತಿದ್ದ ಗೆಳೆಯ ಉಳಿದನು, ಆದರೆ ಮತ್ತೆ ಎಂದೂ ನಡೆಯಲಿಲ್ಲ. “ಅವನು ಒಮ್ಮೆಯೂ ನನ್ನನ್ನು ದೂರಲಿಲ್ಲ. ಗೆರೆಯನ್ನು ನಾನು ಕಂಡಿದ್ದೆನೆಂಬುದು ಅವನಿಗೆ ಗೊತ್ತಿರಲಿಲ್ಲ” ಎಂದನು ಮುದುಕ.

ತರುಣ ಮಾತನಾಡಲಿಲ್ಲ. ಕೈಯೊರೆಸಿದ ಬಟ್ಟೆಯನ್ನು ಕೆಳಗಿಟ್ಟು, ಸ್ಪಾನರನ್ನು ಎತ್ತಿಕೊಂಡು, ಮೊದಲ ನಟ್ಟನ್ನು ಬಿಚ್ಚಿದನು. ಕೂದಲಿನಷ್ಟು ದಪ್ಪ ಹೆಚ್ಚಿರುವ ಶಿಮ್ಮನ್ನು ಹಾಕಿ, ಪಿನಿಯನ್ನನ್ನು ಅಷ್ಟು ಹೊರಕ್ಕೆ ಸರಿಸಿ, ಸಡಿಲನ್ನು ಮತ್ತೆ ಹೊಂದಿಸಿ, ಹಳದಿ ಬಳಿದು ತಿರುಗಿಸಿದಾಗ ಗುರುತು ಹಲ್ಲಿನ ನಟ್ಟನಡುವೆ ಬಿದ್ದಿತು. ಆಗ ರಾತ್ರಿ ಒಂದು ಗಂಟೆ ಕಳೆದಿತ್ತು.

ವಸಂತ ಬಂದಿತು, ಹಿಮ ಕರಗಿತು. ಆದರೂ ಕಾರು ಪಂದ್ಯಕ್ಕೆ ಹೋಗಲಿಲ್ಲ. ಹೊಸ ಹಲ್ಲುಗಳು ಒಂದಕ್ಕೊಂದು ಪಳಗಬೇಕು. ಮೊದಲ ದಿನ ಹದಿನೈದಿಪ್ಪತ್ತು ಮೈಲಿ ಮೆಲ್ಲಗೆ ಓಡಿಸಿ, ಪೂರ್ತಿ ಆರಲು ಬಿಟ್ಟು, ಮತ್ತೆ ಓಡಿಸಿದರು. ಹೀಗೆ ಸುಮಾರು 500 ಮೈಲಿ, ಅಂದರೆ 800 ಕಿಲೋಮೀಟರು ಕಳೆದ ಮೇಲೆ ಎಣ್ಣೆಯನ್ನು ಬದಲಾಯಿಸಿದರು. ಬಸಿದ ಎಣ್ಣೆಯನ್ನು ಮುದುಕ ಬೆರಳಿನಲ್ಲಿ ತಿಕ್ಕಿ ನೋಡಿದನು. ಅದರಲ್ಲಿ ಪುಡಿ ಮಿನುಗಲಿಲ್ಲ. ಓಡುವಾಗ ಹಿಂಬದಿಯಿಂದ ಬರಬಹುದಾದ ಕೊರಗುವ ದನಿಗಾಗಿ ಕಿವಿಗೊಟ್ಟು ಕೇಳಿದನು, ಅದೂ ಇರಲಿಲ್ಲ.

ಆ ದಿನಗಳಲ್ಲಿ ತರುಣ ಒಂದು ಪ್ರಶ್ನೆ ಕೇಳಿದನು: “ಇರುಸು ಗಟ್ಟಿಯಾಯಿತು. ಇನ್ನು ಮುರಿಯುವುದು ಯಾವುದು?” ಪ್ರಶ್ನೆ ಕೇಳಿ ಮುದುಕನಿಗೆ ಹಿಗ್ಗಾಯಿತು. ಮುರಿಯದಿರುವ ಯಂತ್ರವನ್ನು ಯಾರೂ ಮಾಡಲಾರರು. ಎಲ್ಲೋ ಒಂದು ಕಡೆ ಎಲ್ಲಕ್ಕಿಂತ ದುರ್ಬಲವಾದ ಕೊಂಡಿ ಇದ್ದೇ ಇರುತ್ತದೆ. ಅದು ಎಲ್ಲಿದೆಯೆಂದು ತಿಳಿದಿರಬೇಕು. ಅಲ್ಲಿ ಮುರಿದರೆ ಯಾರ ಜೀವಕ್ಕೂ ಅಪಾಯವಾಗದಂತಿರಬೇಕು. ಎಂಜಿನಿನಿಂದ ಬರುವ ದಂಡದ ಸುತ್ತ ಉಕ್ಕಿನ ಬಳೆಯೊಂದನ್ನು ಅವರು ಕೂಡಿಸಿದ್ದರು. ದಂಡ ಮುರಿದು ನೆಲಕ್ಕೆ ಬಿದ್ದು ಕಾರನ್ನು ಎತ್ತಿಹಾಕದಂತೆ ಅದು ಹಿಡಿದುಕೊಳ್ಳುತ್ತದೆ. ಪಂದ್ಯದ ಕಟ್ಟಳೆಗಳಲ್ಲಿ ಇಂಥವನ್ನು ಕಡ್ಡಾಯ ಮಾಡಿರುವುದು ಯಾರದೋ ಹಟದಿಂದಲ್ಲ. ಅಪಘಾತಗಳು ಕಲಿಸಿದ ಪಾಠದಿಂದ.

ಜೂನ್ ತಿಂಗಳ ಒಂದು ಸಂಜೆ ಕಾರು ಮತ್ತೆ ಅದೇ ಹಾದಿಯಲ್ಲಿ, ಅದೇ ಗೆರೆಯ ಹಿಂದೆ ನಿಂತಿತು. ಎಂಜಿನಿಗೆ ಹೊಸದೇನನ್ನೂ ಹಾಕಿರಲಿಲ್ಲ. ಮುದುಕ ಬೇಲಿಯ ಬಳಿ ನಿಂತು ಕಣ್ಣು ಮುಚ್ಚಿಕೊಂಡನು. ಅವನಿಗೆ ನೋಡುವುದಕ್ಕಿಂತ ಕೇಳುವುದು ಮುಖ್ಯವಾಗಿತ್ತು. ಹಸಿರು ದೀಪ ಹೊತ್ತಿತು. ಕಾರಿನ ಹಿಂಬದಿ ಕುಸಿದು ನೆಲವನ್ನು ಕಚ್ಚಿತು, ಮೂತಿ ಮೇಲೆದ್ದಿತು, ಕಾರು ಬಾಣದಂತೆ ಹೊರಟುಹೋಯಿತು. ಸಿಡಿಲಿನಂಥ ಸದ್ದು ಬರಲಿಲ್ಲ. ಎಂಜಿನಿನ ದನಿ ಏರಿ, ಗೇರು ಬದಲಾಗಿ, ಮತ್ತೆ ಏರಿ, ದೂರವಾಗಿ ಅಡಗಿತು.

ಆ ಓಟವನ್ನು ತರುಣ ಗೆಲ್ಲಲಿಲ್ಲ. ಎದುರಾಳಿಯ ಎಂಜಿನು ದೊಡ್ಡದಾಗಿತ್ತು. ಜನ ಗೆದ್ದವನ ಸುತ್ತ ನೆರೆದರು. ಎಂಜಿನಿನ ಮುಚ್ಚಳ ತೆರೆಸಿ ನೋಡಿದರು, ಬಣ್ಣವನ್ನು ಕೊಂಡಾಡಿದರು. ಮಸ್ಟಾಂಗಿನ ಬಳಿಗೆ ಯಾರೂ ಬರಲಿಲ್ಲ. ತರುಣ ಕಾರಿನಿಂದಿಳಿದು, ಶಿರಸ್ತ್ರಾಣವನ್ನು ತೆಗೆದು, ಮಾತಿಲ್ಲದೆ ನೆಲಕ್ಕೆ ಮೊಣಕಾಲೂರಿ, ಹಿಂದಿನ ಗೂಡಿನ ಮೇಲೆ ಅಂಗೈಯನ್ನಿಟ್ಟು ನೋಡಿದನು. ಅದು ಬೆಚ್ಚಗಿತ್ತು; ಎಣ್ಣೆ ಒಂದು ತೊಟ್ಟೂ ಜಿನುಗಿರಲಿಲ್ಲ.

“ಏನಾಯಿತು?” ಎಂದು ಕೇಳುತ್ತ ಮುದುಕ ಬೇಲಿಯ ಕಡೆಯಿಂದ ಬಂದನು.

“ಏನೂ ಆಗಲಿಲ್ಲ, ತಾತ” ಎಂದನು ತರುಣ.

ಇರುಸು ಕೊಡುವ ಫಲ ಅಷ್ಟೇ. ಕಳಸದಂತೆ ಅದು ಹೊಳೆಯುವುದಿಲ್ಲ, ಎಂಜಿನಿನಂತೆ ಗರ್ಜಿಸುವುದಿಲ್ಲ. ಅದನ್ನು ಮನಸ್ಸಿಟ್ಟು ಕಟ್ಟಿದವನ ದುಡಿಮೆಗೆ ಸಾಕ್ಷಿ, ಆಗಬಹುದಾಗಿದ್ದ ಕೇಡೊಂದು ಆಗದೆ ಉಳಿದದ್ದು. ಮುದುಕ ಮೊಮ್ಮಗನ ಹೆಗಲಿನ ಮೇಲೆ ಕೈಯಿಟ್ಟನು. ಇಬ್ಬರೂ ಕಾರನ್ನೇರಿ, ಅದೇ ಚಕ್ರಗಳ ಮೇಲೆ ನಿಧಾನವಾಗಿ ಮನೆಗೆ ಹೊರಟರು.